ಐದು ಲಕ್ಷ ಪತಂಗ, ಆರು ಮಿಲಿಗ್ರಾಂ ಗಂಧ

ನಾಲ್ಕು ಔನ್ಸ್ ಹಿಡಿಯುವ, ಅಗಲ ಬಾಯಿಯ ಒಂದು ಶೀಸೆ ತೆಗೆದುಕೊಳ್ಳಿ. ಅದರೊಳಕ್ಕೆ ಬೀವರ್ ಪ್ರಾಣಿಯ ನಾಲ್ಕರಿಂದ ಆರು ಗಂಧದ ಚೀಲಗಳನ್ನು ಮೆಲ್ಲಗೆ ಹಿಂಡಿ. ಅರ್ಧ ಜಾಯಿಕಾಯಿ, ಚಿಟಿಕೆ ಲವಂಗ, ಎರಡು ಗ್ರಾಂನಷ್ಟು ಚಕ್ಕೆ, ಎಲ್ಲವನ್ನೂ ನುಣ್ಣಗೆ ಪುಡಿ ಮಾಡಿ ಬೆರೆಸಿ. ಕಲಸಲು ನೀರು ಬೇಡ, ಖಡಕ್ ಮದ್ಯ ಬೇಕು. ಅರೆದ ಸಾಸಿವೆಯ ಹದಕ್ಕೆ ಬಂದರೆ ಸರಿ. ಶೀಸೆ ಸಿಗದಿದ್ದರೆ ಕೊಂಬಿನ ಬುರುಡೆಯೂ ಆದೀತು, ಆದರೆ ಗಾಳಿ ಸೋಕಕೂಡದು; ಸೋಕಿದರೆ ಸತ್ವ ಹೋಯಿತು. ಬಿಗಿಯಾಗಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಉಪ್ಪಿನಕಾಯಿಯ ಹಾಗೆ, ಮಾಡಿದ ದಿನಕ್ಕಿಂತ ನಾಲ್ಕೈದು ದಿನ ಕಳೆದ ಮೇಲೆಯೇ ಇದರ ಘಾಟು ಜೋರು.

ಈ ಪಾಕವನ್ನು ಬರೆದಿಟ್ಟವನು ಬಾಣಸಿಗನಲ್ಲ, ಸೇನಾಧಿಕಾರಿ ಮೆರಿವೆದರ್ ಲೂಯಿಸ್. ಅಮೆರಿಕದ ಅಧ್ಯಕ್ಷ ಜೆಫರ್ಸನ್ ಕಳಿಸಿದ ತಂಡದ ಮುಖಂಡನಾಗಿ ಖಂಡವನ್ನು ಅಡ್ಡಡ್ಡ ದಾಟಿ, ಶಾಂತಸಾಗರದ ದಂಡೆಯ ಕ್ಲಾಟ್‌ಸಪ್ ಕೋಟೆಯಲ್ಲಿ ಮಳೆಗಾಲದಂಥ ಚಳಿಗಾಲ ಕಳೆಯುತ್ತಿದ್ದಾಗ, 1806ರ ಜನವರಿ 7ರಂದು ದಿನಚರಿಯಲ್ಲಿ ಬರೆದದ್ದು. ಮಸಾಲೆಯ ಮೂರೂ ಪದಾರ್ಥಗಳ ಮೂಲನೆಲೆ ಏಷ್ಯಾ ಎಂಬುದನ್ನು ಗಮನಿಸಿ. ನಮ್ಮ ಪಲಾವಿಗೆ ಬೀಳುವ ಚಕ್ಕೆ ಲವಂಗ ಭೂಮಿಯ ಆಚೆ ಬದಿಯ ಹೊಳೆಯೊಂದರಲ್ಲಿ ಪ್ರಾಣಿ ಹಿಡಿಯುವ ಆಮಿಷವಾಗಿತ್ತು. ಈ ಲೇಪದ ವಾಸನೆ ಒಂದು ಮೈಲಿ ದೂರದ ಬೀವರನ್ನೂ ಎಳೆದು ತರುತ್ತದೆ ಎಂಬುದು ಲೂಯಿಸನ ಅಂದಾಜು. ಒಂದು ಮೈಲಿ ಎಂದರೆ 1.6 ಕಿಲೋಮೀಟರ್, ಎಳೆಯುವ ಸರಕು ಕಡ್ಡಿಯ ತುದಿಗೆ ಅಂಟಿದ ಒಂದು ಸವರು.

ಬೀವರ್ ಇಲಿ, ಅಳಿಲುಗಳ ಬಳಗದ್ದು. ಬೆಳೆದರೆ ಇಪ್ಪತ್ತು ಕಿಲೋ ದಾಟುತ್ತದೆ. ಮರ ಕಡಿದು ಹೊಳೆಗೆ ಅಡ್ಡಕಟ್ಟೆ ಹಾಕಿ ತನ್ನದೇ ಕೆರೆ ಮಾಡಿಕೊಳ್ಳುತ್ತದೆ. ಬಾಲದ ಬುಡದಲ್ಲಿ ಅದಕ್ಕೆ ಎರಡು ಜೊತೆ ಚೀಲಗಳಿವೆ: ಒಂದು ಜೊತೆಯಲ್ಲಿ ಎಣ್ಣೆ, ಇನ್ನೊಂದರಲ್ಲಿ ಕ್ಯಾಸ್ಟೋರಿಯಂ ಎಂಬ ಹಳದಿ ಮಿಶ್ರಿತ ಕಂದು ಮುದ್ದೆ. ದಡದಲ್ಲಿ ಕೆಸರು ಗುಡ್ಡೆ ಹಾಕಿ ಅದರ ಮೇಲೆ ಈ ವಾಸನೆ ಬಿಟ್ಟರೆ, ಕೆರೆಗೆ ಯಜಮಾನರಿದ್ದಾರೆ ಎಂದು ಬೋರ್ಡು ನೆಟ್ಟ ಹಾಗೆ. ಪರಕೀಯನ ವಾಸನೆ ಬಂದರೆ ಮನೆಯ ಬೀವರ್ ಸುಮ್ಮನಿರಲಾರದು. ಬಂದು ಅದರ ಮೇಲೆ ತನ್ನದನ್ನು ಹಚ್ಚಲೇಬೇಕು. ಬೇಟೆಗಾರನ ಚಾಣಾಕ್ಷತನ ಇರುವುದು ಇಲ್ಲಿ. ಹಸಿವನ್ನು ನಂಬಿ ಅವನು ಬಲೆ ಒಡ್ಡುವುದಿಲ್ಲ, ಗಡಿ ತಕರಾರನ್ನು ನಂಬಿ ಒಡ್ಡುತ್ತಾನೆ. ಲೇಪ ಸವರಿದ ಕಡ್ಡಿ ದಡದ ಮೇಲೆ, ಉಕ್ಕಿನ ಬೋನು ಅದರ ಕೆಳಗೆ ನೀರಿನಲ್ಲಿ. ಹೊಟ್ಟೆ ತುಂಬಿದ ಪ್ರಾಣಿ ತಿಂಡಿಯ ಆಮಿಷಕ್ಕೆ ಬಾರದಿರಬಹುದು, ಜಮೀನಿನ ಜಗಳಕ್ಕೆ ಮಾತ್ರ ಯಾವ ಹೊತ್ತಿನಲ್ಲಾದರೂ ಬರುತ್ತದೆ.

ಈ ತಕರಾರಿನ ಮೇಲೆ ನಿಂತ ವ್ಯಾಪಾರದ ಹರವು ನೋಡಿ. 1670ರಲ್ಲಿ ಇಂಗ್ಲೆಂಡಿನ ದೊರೆ ಹಡ್ಸನ್ಸ್ ಬೇ ಕಂಪನಿಗೆ ಸನ್ನದಿನಲ್ಲಿ ಬರೆದುಕೊಟ್ಟ ನಾಡು ಸುಮಾರು 39 ಲಕ್ಷ ಚದರ ಕಿಲೋಮೀಟರ್. ಇಡೀ ಭಾರತ 33 ಲಕ್ಷಕ್ಕೂ ತುಸು ಕಡಿಮೆ. ಆ ಪತ್ರದ ಹಿಂದಿದ್ದ ಮುಖ್ಯ ಆಸೆ ಬೀವರ್ ತೊಗಲು, ಯುರೋಪಿನ ಗಂಡಸರ ಟೋಪಿಗೆ ಬೇಕಾದ ನಯವಾದ ತುಪ್ಪಳ. ಯುರೋಪಿಯನ್ನರು ಬರುವ ಮುಂಚೆ ಉತ್ತರ ಅಮೆರಿಕದಲ್ಲಿ 6 ಕೋಟಿಯಿಂದ 40 ಕೋಟಿ ಬೀವರ್‌ಗಳಿದ್ದವೆಂದು ಅಂದಾಜು. ಅಂದಾಜಿನ ಎರಡು ತುದಿಗಳ ನಡುವಿನ ಅಂತರವೇ 34 ಕೋಟಿ. ಯಾರೂ ಎಣಿಸಲಿಲ್ಲ, ಕೊಲ್ಲುವ ಅವಸರದಲ್ಲಿದ್ದರು. 1900ರ ಹೊತ್ತಿಗೆ ಉಳಿದದ್ದು ಲಕ್ಷದ ಆಸುಪಾಸು. ಯುರೋಪ್ ಏಷ್ಯಾದ ಸೋದರ ಜಾತಿಯ ಪಾಡು ಇನ್ನೂ ಕಷ್ಟ. ಅಲ್ಲಿ ತೊಗಲು, ಮಾಂಸಗಳ ಜೊತೆಗೆ ಕ್ಯಾಸ್ಟೋರಿಯಮ್ಮಿಗೂ ಔಷಧವೆಂದು ಬೇಡಿಕೆ. ಬೀವರ್ ತಿನ್ನುವ ನೀರಂಜಿ ಜಾತಿಯ ಮರದ ತೊಗಟೆಯಿಂದ ಬರುವ ಸ್ಯಾಲಿಸಿಲಿಕ್ ಆಮ್ಲ ಆ ಚೀಲದಲ್ಲಿ ಸೇರಿಕೊಂಡಿರುತ್ತದೆ. ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ ಅದು. ಹಾಗಾಗಿ ತಲೆನೋವಿಗೆ ಕೊಡುತ್ತಿದ್ದುದು ಪೂರ್ತಿ ಮೂಢನಂಬಿಕೆಯಲ್ಲ. ತಲೆನೋವಿನ ಬೆಲೆ ಮಾತ್ರ ದುಬಾರಿಯಾಯಿತು: ಇಪ್ಪತ್ತನೆಯ ಶತಮಾನದ ಮೊದಲಿಗೆ ಎರಡು ಖಂಡಗಳಲ್ಲಿ ಸೇರಿ ಉಳಿದದ್ದು ಸುಮಾರು 1,200. ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಅವು ಈಗ 15 ಲಕ್ಷ ಮುಟ್ಟಿವೆ.

ಹೆಚ್ಚುವುದರಲ್ಲಿಯೂ ಬೀವರ್ ಕಡಿಮೆಯದಲ್ಲ. 1946ರಲ್ಲಿ ತೊಗಲಿನ ಉದ್ಯಮ ಬೆಳೆಸಲೆಂದು ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋ ದ್ವೀಪದಲ್ಲಿ ಕೆನಡಾದ 20 ಬೀವರ್‌ಗಳನ್ನು ಬಿಟ್ಟರು. ಹಿಡಿದು ತಿನ್ನುವ ತೋಳ, ಕರಡಿ ಅಲ್ಲಿರಲಿಲ್ಲ. ಇಂದು ಅವು ಲಕ್ಷದ ಸನಿಹದಲ್ಲಿವೆ ಎನ್ನುತ್ತವೆ ಅಂದಾಜುಗಳು, ಮುಳುಗಿದ ಕಾಡು ಬೇರೆ. ಚಿಲಿ, ಅರ್ಜೆಂಟೀನಾ ಎರಡೂ ಈಗ ಅವನ್ನು ಹಿಡಿಸಲು ಹೆಣಗುತ್ತಿವೆ.

ಬೇಟೆಗಾರರ ಕಸುಬಿನಲ್ಲಿ ಲೂಯಿಸನ ಕಾಲಕ್ಕೂ ಇಂದಿಗೂ ಮೂಲ ತತ್ವ ಬದಲಾಗಿಲ್ಲ. ಕ್ಯಾಸ್ಟೋರಿಯಂ ಚೀಲಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ತೂಗುಹಾಕಿ ನಿಧಾನವಾಗಿ ಒಣಗಿಸುತ್ತಾರೆ. ಗಟ್ಟಿಯಾದ ಮೇಲೆ ವರ್ಷಗಟ್ಟಲೆ ಕೆಡುವುದಿಲ್ಲ. ನರಿ, ಮಿಂಕ್‌ಗಳ ಗ್ರಂಥಿಯಲ್ಲಿ ಮಾಂಸದಂಶ ಇರುವುದರಿಂದ ಅದು ಕೊಳೆಯುತ್ತದೆ. ಕೊಚ್ಚಿ, ಗ್ಲಿಸರಿನ್ ಬೆರೆಸಿ, ಬೋರಾಕ್ಸ್ ಅಥವಾ ಸೋಡಿಯಂ ಬೆಂಜೋಯೇಟ್ ಹಾಕಿ ಗಾಜಿನ ಭರಣಿಯಲ್ಲಿ ಮಾಗಲು ಬಿಡುವುದು ರೂಢಿ. ಬೆಂಜೋಯೇಟ್ ನಮ್ಮ ಅಂಗಡಿಯ ಜಾಮು, ಸಾಸುಗಳಲ್ಲಿ ಇರುವುದೇ. ಗ್ಲಿಸರಿನ್ನಿಗೆ ಎರಡು ಕೆಲಸ: ವಾಸನೆ ಒಮ್ಮೆಲೇ ಹಾರಿಹೋಗದಂತೆ ಹಿಡಿಯುವುದು, ಹಿಮದಲ್ಲಿ ಲೇಪ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ದೂರಕ್ಕೆ ಕೂಗು ಹಾಕಬೇಕಾದರೆ ಸ್ಕಂಕ್ ಪ್ರಾಣಿಯ ಗ್ರಂಥಿರಸದ ಒಂದು ಹನಿ ಸೇರಿಸುತ್ತಾರೆ. ಗಂಧಕವಿರುವ ಆ ರಸ ಗಾಳಿಯ ನೂರು ಕೋಟಿ ಪಾಲಿನಲ್ಲಿ ಹತ್ತು ಪಾಲು ಇದ್ದರೂ ಮನುಷ್ಯನ ಮೂಗಿಗೆ ತಿಳಿಯುತ್ತದೆ, ಮನುಷ್ಯನ ಮೂಗು ಪ್ರಾಣಿಲೋಕದಲ್ಲಿ ಹೇಳಿಕೊಳ್ಳುವಂಥದ್ದೇನೂ ಅಲ್ಲ.

ನಮ್ಮ ಕಡೆಗೆ ಇಂಥ ಸರಕು ಎಂದರೆ ಪುನುಗು. ಪುನುಗಿನ ಬೆಕ್ಕಿನ ಬಾಲದಡಿಯ ಗ್ರಂಥಿಯಿಂದ ಬರುವ ಬೆಣ್ಣೆಯಂಥ ಅಂಟು ತಿರುಪತಿ ತಿಮ್ಮಪ್ಪನ ಸೇವೆಗೆ ಸಲ್ಲುತ್ತದೆ. ಇಥಿಯೋಪಿಯಾದಲ್ಲಿ ಬೆಕ್ಕನ್ನು ಪಂಜರದಲ್ಲಿಟ್ಟು ಒಂಬತ್ತು ಹತ್ತು ದಿನಕ್ಕೊಮ್ಮೆ ಅದನ್ನು ಕೆರೆದು, ಗೂಳಿಯ ಕೊಂಬಿನಲ್ಲಿ ತುಂಬಿ ಫ್ರಾನ್ಸಿನ ಅತ್ತರಿನ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಅಷ್ಟು ಜತನದ ಸರಕಿನೊಳಗೆ ಇರುವುದೇನು ಎಂದು ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ರಸಾಯನಶಾಸ್ತ್ರಜ್ಞ ಲಿಯೋಪೋಲ್ಡ್ ರುಜಿಚ್ಕಾ 1926ರಲ್ಲಿ ಬಿಡಿಸಿ ತೋರಿಸಿದ. ಸಿವೆಟೋನ್ ಎಂಬ ಆ ಅಣು 17 ಇಂಗಾಲದ ಪರಮಾಣುಗಳು ಕೈ ಕೈ ಹಿಡಿದ ಉಂಗುರ. ಆರೇಳಕ್ಕಿಂತ ಬಹಳ ದೊಡ್ಡ ಉಂಗುರ ನಿಲ್ಲಲಾರದು ಎಂದು ಅಂದಿನ ಪಂಡಿತರು ನಂಬಿದ್ದರು. ಬೆಕ್ಕು ಯಾವ ಪಠ್ಯಪುಸ್ತಕವನ್ನೂ ಓದದೆ ಅದನ್ನು ಮಾಡಿಕೊಂಡು ಬಂದಿತ್ತು.

ಒಮ್ಮೆ ಅಣುವಿನ ರಚನೆ ತಿಳಿದ ಮೇಲೆ ಬೆಕ್ಕು ಬೇಕಿಲ್ಲ, ಕಾರ್ಖಾನೆಯೇ ಸಾಕು. ಅದರ ಪರಿಣಾಮ ವಿಚಿತ್ರ ಕಡೆಗಳಲ್ಲಿ ಕಂಡಿದೆ. 2003ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದವರು ಅಂಗಡಿಯಲ್ಲಿ ಸಿಗುವ 24 ಸುಗಂಧಗಳನ್ನು ಎರಡು ಚೀತಾಗಳ ಮುಂದಿಟ್ಟು ನೋಡಿದರು. ಒಂದು ಸುಗಂಧವನ್ನು ಅವು ಮೂಸಿದ್ದು ಎರಡು ಸೆಕೆಂಡು. ಕ್ಯಾಲ್ವಿನ್ ಕ್ಲೈನ್ ಕಂಪನಿಯ ‘ಅಬ್ಸೆಷನ್’ ಮುಂದೆ ನಿಂತದ್ದು ಸರಾಸರಿ 11 ನಿಮಿಷ. ಸಿವೆಟೋನ್ ಅದರಲ್ಲಿದೆ. 2018ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ 13 ಜನರ ಸಾವಿಗೆ ಕಾರಣವೆಂದು ಗುರುತಿಸಿದ್ದ ಟಿ-1 ಹೆಣ್ಣುಹುಲಿಯನ್ನು ಸೆಳೆಯಲು ಅರಣ್ಯ ಇಲಾಖೆ ಇದೇ ಸುಗಂಧವನ್ನು ತರಿಸಿತ್ತು. ಹುಲಿ ಜೀವಂತ ಸಿಗಲಿಲ್ಲ. ನವೆಂಬರ್ 2ರ ರಾತ್ರಿ ಗುಂಡಿಗೆ ಬಲಿಯಾಯಿತು.

ರುಜಿಚ್ಕಾನಿಗೆ 1939ರಲ್ಲಿ ನೊಬೆಲ್ ಬಂತು. ಅದನ್ನು ಹಂಚಿಕೊಂಡವನು ಜರ್ಮನಿಯ ಅಡಾಲ್ಫ್ ಬುಟೆನಾಂಟ್. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಶಿಖರ ಇರುವುದು ಈ ಮನುಷ್ಯನ ಪ್ರಯೋಗಾಲಯದಲ್ಲಿ. ಲಕ್ಷಗಟ್ಟಲೆಯಿಂದ ಮಿಲಿಗ್ರಾಂ ತೆಗೆಯುವ ಕೆಲಸಕ್ಕೇ ಹುಟ್ಟಿದವನಂತೆ ಕಾಣುತ್ತಾನೆ. 1931ರಲ್ಲಿ ಪುರುಷ ಹಾರ್ಮೋನ್ ಹುಡುಕಲು ಬರ್ಲಿನ್ನಿನ ಪೊಲೀಸರಿಂದ 15,000 ಲೀಟರ್ ಮೂತ್ರ ಸಂಗ್ರಹಿಸಿ, ಇಳಿಸಿ, ಸೋಸಿ 15 ಮಿಲಿಗ್ರಾಂ ಹರಳು ಪಡೆದಿದ್ದ. ಸಾವಿರ ಲೀಟರಿಗೆ ಒಂದು ಮಿಲಿಗ್ರಾಂ. ಅದಾದ ಮೇಲೆ ಕೈಹಾಕಿದ್ದು ಪತಂಗಗಳ ವಾಸನೆಗೆ.

ಹೆಣ್ಣು ಪತಂಗ ದೂರದ ಗಂಡುಗಳನ್ನು ಕರೆಯುತ್ತದೆ ಎಂಬುದು ಹೊಸ ಸಂಗತಿಯಲ್ಲ. ಫ್ರಾನ್ಸಿನ ಹಳ್ಳಿಮನೆಯಲ್ಲಿ ಕೀಟಗಳನ್ನು ನೋಡುತ್ತಾ ಬದುಕಿದ ಫಾಬ್ರ್, ಪಂಜರದಲ್ಲಿಟ್ಟ ಹೆಣ್ಣು ಪತಂಗಗಳನ್ನು ಹುಡುಕಿಕೊಂಡು ಒಂದೇ ರಾತ್ರಿ ಸುಮಾರು 40, ಎಂಟು ರಾತ್ರಿಗಳಲ್ಲಿ 150 ಗಂಡುಗಳು ಬಂದದ್ದನ್ನು ಬರೆದಿದ್ದ. ಕರೆಯುವ ವಸ್ತು ಏನು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಬುಟೆನಾಂಟ್ ಆರಿಸಿಕೊಂಡದ್ದು ರೇಷ್ಮೆ ಪತಂಗವನ್ನು. ಕಾರಣ ಸರಳ: ರಾಶಿಗಟ್ಟಲೆ ಸಿಗುತ್ತದೆ, ಹಾರಿಹೋಗುವುದಿಲ್ಲ. ಮಾಗಡಿ, ಕುಣಿಗಲ್ ಕಡೆ ಬಿತ್ತನೆ ಗೂಡು ಬೆಳೆಯುವವರಿಗೆ, ಬಿತ್ತನೆ ಕೋಠಿಯಲ್ಲಿ ದುಡಿದವರಿಗೆ ಈ ನೋಟ ಪರಿಚಿತ: ಗೂಡಿನಿಂದ ಹೊರಬಂದ ಹೆಣ್ಣು ತಟ್ಟೆಯಲ್ಲಿ ಕದಲದೆ ಕೂತು ಬಾಲದ ತುದಿಯಿಂದ ಹಳದಿ ಬಣ್ಣದ ಎರಡು ಪುಟ್ಟ ಉಬ್ಬು ಹೊರಚಾಚುತ್ತದೆ, ಪಕ್ಕದ ತಟ್ಟೆಯ ಗಂಡುಗಳು ರೆಕ್ಕೆ ಪಟಪಟ ಬಡಿಯುತ್ತಾ ಗಿರಕಿ ಹೊಡೆಯತೊಡಗುತ್ತವೆ. ಆ ಹಳದಿ ಉಬ್ಬೇ ಗ್ರಂಥಿ.

ಬುಟೆನಾಂಟನ ತಂಡ ಅವನ್ನು ಕತ್ತರಿಸಿ ತೆಗೆಯಿತು. ಹತ್ತಲ್ಲ, ನೂರಲ್ಲ, ಐದು ಲಕ್ಷ ಹೆಣ್ಣುಗಳಿಂದ. ಗೂಡಿನಲ್ಲಿ ಅರ್ಧಕ್ಕರ್ಧ ಗಂಡೇ ಇರುವುದರಿಂದ ಹತ್ತು ಲಕ್ಷದಷ್ಟು ಗೂಡು ಬೇಕಾದ ಬಾಬತ್ತು. ದ್ರಾವಕಗಳಲ್ಲಿ ನೆನೆಹಾಕಿ, ಕೊಬ್ಬು ತೆಗೆದು, ಭಾಗ ಭಾಗ ಮಾಡಿ, ಪ್ರತಿ ಭಾಗದಲ್ಲೂ ಗಾಜಿನ ಕಡ್ಡಿ ಅದ್ದಿ ಗಂಡು ಪತಂಗದ ಮೀಸೆಯ ಬಳಿ ಹಿಡಿಯುವುದು. ರೆಕ್ಕೆ ಬಡಿದರೆ ಆ ಭಾಗ ಉಳಿಸಿಕೊಳ್ಳುವುದು, ಬಡಿಯದಿದ್ದರೆ ಚೆಲ್ಲುವುದು. ಅಳೆಯುವ ಯಂತ್ರ ಎಂದರೆ ಪತಂಗವೇ. ನಡುವೆ ಮಹಾಯುದ್ಧ ಬಂದು ಹೋಯಿತು. ಸುಮಾರು ಇಪ್ಪತ್ತು ವರ್ಷದ ಕೊನೆಗೆ, 1959ರಲ್ಲಿ ಉತ್ತರ ಪ್ರಕಟವಾಯಿತು. ಆ ವಸ್ತುವಿಗೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಕೈಗೆ ಬಂದದ್ದು ಸುಮಾರು 6 ಮಿಲಿಗ್ರಾಂ.

ಈ ಆರು ಮಿಲಿಗ್ರಾಮನ್ನು ಸುಮ್ಮನೆ ಬಿಡಲು ಮನಸ್ಸಾಗುವುದಿಲ್ಲ, ಸ್ವಲ್ಪ ಲೆಕ್ಕ ಹಾಕೋಣ. ಐದು ಲಕ್ಷದಿಂದ ಭಾಗಿಸಿದರೆ ಒಂದು ಪತಂಗದ ಪಾಲಿಗೆ 12 ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಹನ್ನೆರಡು. ಕ್ಷುಲ್ಲಕ ಅನ್ನಿಸುತ್ತದೆ. ಅಣುಗಳನ್ನು ಎಣಿಸಿದರೆ ಅದೇ 12 ನ್ಯಾನೋಗ್ರಾಂನಲ್ಲಿ ಸುಮಾರು 30 ಲಕ್ಷ ಕೋಟಿ ಅಣುಗಳಿವೆ. ಗಂಡಿಗೆ ಅದರಲ್ಲಿ ಎಷ್ಟು ಬೇಕು? 1970ರಲ್ಲಿ ಜರ್ಮನಿಯ ಕಾರ್ಲ್ ಎರ್ನ್ಸ್ಟ್ ಕೈಸ್ಲಿಂಗ್ ಮತ್ತು ಪ್ರೀಸ್ನರ್ ಅಳೆದು ಹೇಳಿದರು: ಗಂಡಿನ ಒಂದು ಮೀಸೆಯಲ್ಲಿ ಈ ವಾಸನೆಗೆಂದೇ ಸುಮಾರು 17,000 ಕೂದಲುಗಳಿವೆ, ಅವುಗಳೊಳಗಿನ ಒಂದು ನರಕೋಶವನ್ನು ಎಚ್ಚರಿಸಲು ಒಂದೇ ಒಂದು ಅಣು ಸಾಕು. ಒಂದು ಸೆಕೆಂಡಿನಲ್ಲಿ ಇನ್ನೂರರಷ್ಟು ಕೋಶಗಳು ಎಚ್ಚೆತ್ತರೆ ಪತಂಗ ರೆಕ್ಕೆ ಬಡಿಯುತ್ತದೆ. ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಸಾವಿರ ಅಣುವಿದ್ದರೆ ಅಷ್ಟಾಗುತ್ತದೆ.

ಈಗ ಆರು ಮಿಲಿಗ್ರಾಮನ್ನು ಈ ಸಾವಿರದ ಲೆಕ್ಕದಲ್ಲಿ ಗಾಳಿಗೆ ಹಂಚಿ. ಹದಿನೈದು ಘನ ಕಿಲೋಮೀಟರ್ ಗಾಳಿ ಘಮಘಮಿಸುತ್ತದೆ. ಕನ್ನಂಬಾಡಿ ಕಟ್ಟೆ ತುಂಬಿದಾಗ 49.45 ಟಿಎಂಸಿ ನೀರು, ಅಂದರೆ 1.4 ಘನ ಕಿಲೋಮೀಟರ್. ಅಂಥ ಹತ್ತು ಕೆಆರ್‌ಎಸ್‌ಗಳನ್ನು ಬರಿದು ಮಾಡಿ ಗಾಳಿ ತುಂಬಿದರೆ, ಆ ಗಾಳಿಯ ಯಾವ ಮೂಲೆಯಲ್ಲಿ ಕೂತ ಗಂಡು ಪತಂಗಕ್ಕೂ ಹೆಣ್ಣಿನ ಸುಳಿವು ಸಿಗುವಷ್ಟು. ಇದು ಕಾಗದದ ಲೆಕ್ಕ. ನಿಜದ ಗಾಳಿ ಹೀಗೆ ಸಮನಾಗಿ ಹಂಚುವುದಿಲ್ಲ, ಎಳೆ ಎಳೆಯಾಗಿ ಒಯ್ಯುತ್ತದೆ. ಆದರೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚೂರೊಂದರ ಸಾಮರ್ಥ್ಯ ಇದು. ಪ್ರಕೃತಿಗೆ ಇಷ್ಟು ಕಡಿಮೆ ಸಾಕು ಎನ್ನುವುದಕ್ಕೇ ಮನುಷ್ಯನಿಗೆ ಅಷ್ಟು ಹೆಚ್ಚು ಕೊಲ್ಲಬೇಕಾಯಿತು. ಹೆಣ್ಣು ಧಾರಾಳಿಯಾಗಿದ್ದರೆ ಐದು ಸಾವಿರಕ್ಕೆ ಕೆಲಸ ಮುಗಿಯುತ್ತಿತ್ತು.

ರೇಷ್ಮೆ ಪತಂಗವನ್ನು ಯಾರೂ ಬಲೆಗೆ ಹಿಡಿಯಬೇಕಿಲ್ಲ. ಬಲೆಯ ಅಗತ್ಯವಿದ್ದದ್ದು ಜಿಪ್ಸಿ ಪತಂಗಕ್ಕೆ, ಮತ್ತು ಅದರ ಹಿಂದೆಯೂ ರೇಷ್ಮೆಯ ಆಸೆಯೇ ಇದೆ. 1860ರ ದಶಕದ ಕೊನೆಯಲ್ಲಿ ಟ್ರೂವೆಲೋ ಎಂಬ ಫ್ರೆಂಚ್ ಚಿತ್ರಕಾರ ಅಮೆರಿಕದ ಮೆಡ್‌ಫೋರ್ಡ್ ಊರಿನ ತನ್ನ ಮನೆಯ ಹಿತ್ತಲಿಗೆ ಯುರೋಪಿನ ಈ ಹುಳು ತಂದ, ರೇಷ್ಮೆ ತೆಗೆಯುವ ಪ್ರಯೋಗಕ್ಕೆ. ಕೆಲವು ತಪ್ಪಿಸಿಕೊಂಡವು. ಇಪ್ಪತ್ತು ವರ್ಷದಲ್ಲಿ ಊರಿನ ಮರಗಳಲ್ಲಿ ಎಲೆ ಉಳಿಯಲಿಲ್ಲ. (ಟ್ರೂವೆಲೋ ಮುಂದೆ ಗ್ರಹ ನಕ್ಷತ್ರಗಳ ಅದ್ಭುತ ಚಿತ್ರ ಬರೆದು ಹೆಸರಾದ, ಮರ ಬೋಳಾದವರಿಗೆ ಆಕಾಶ ಚೆನ್ನಾಗಿ ಕಂಡಿರಬೇಕು.) ಹುಳು ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಲು ಕೃಷಿ ಇಲಾಖೆಯವರು ಬೇಟೆಗಾರರ ಹಾದಿಯನ್ನೇ ಹಿಡಿದರು. ಕನ್ಯೆ ಪತಂಗಗಳ ಹೊಟ್ಟೆಯ ತುದಿ ಕತ್ತರಿಸಿ ಬೆಂಜೀನ್‌ನಲ್ಲಿ ನೆನೆಹಾಕಿ, ಆ ಸಾರವನ್ನು ಬಲೆಗಳಿಗೆ ಸವರಿದರು. ಸಾರ ಬೇಗ ಸಪ್ಪೆಯಾಗುತ್ತಿತ್ತು. 1940ರ ದಶಕದಲ್ಲಿ ಹೈಡ್ರೋಜನ್ ಹಾಯಿಸಿದರೆ ಅದು ಬಾಳುತ್ತದೆ ಎಂದು ಕಂಡುಕೊಂಡರು.

ಆಮೇಲೆ ಆ ಅಣುವನ್ನೇ ಹಿಡಿಯುವ ಸಾಹಸ. 1960ರಲ್ಲಿ ಐದು ಲಕ್ಷ ಹೆಣ್ಣುಗಳಿಂದ 20 ಮಿಲಿಗ್ರಾಂ ತೆಗೆದು, ಇದೇ ಎಂದು ಸಾರಿದರು. ಅದಾಗಿರಲಿಲ್ಲ. ಅಣುವನ್ನು ಹೋಲುವ ವಸ್ತು ತಯಾರಿಸಿ ಕಾಡಿನಲ್ಲಿಟ್ಟರೆ ಗಂಡುಗಳು ತಿರುಗಿಯೂ ನೋಡಲಿಲ್ಲ. ನಿಜವಾದ ವಸ್ತು, ಡಿಸ್ಪರ್‌ಲೂರ್, ಸಿಕ್ಕಿದ್ದು 1970ರಲ್ಲಿ. ಉಪಕರಣಗಳು ಸುಧಾರಿಸಿದ್ದರಿಂದ ಆಗ 78,000 ತುದಿಗಳೇ ಸಾಕಾದವು. ವಿಜ್ಞಾನದ ಚರಿತ್ರೆಯಲ್ಲಿ ಐದು ಲಕ್ಷ ಜೀವ ತೆತ್ತು ಕೊಂಡ ತಪ್ಪು ಉತ್ತರ ಹೆಚ್ಚಿಲ್ಲ. ಇಂದು ಅದೇ ಡಿಸ್ಪರ್‌ಲೂರನ್ನು ವಿಮಾನದಿಂದ ಲಕ್ಷಗಟ್ಟಲೆ ಎಕರೆ ಕಾಡಿನ ಮೇಲೆ ಚೆಲ್ಲುತ್ತಾರೆ. ಎಲ್ಲೆಡೆ ಹೆಣ್ಣಿನ ವಾಸನೆ, ಎಲ್ಲಿಯೂ ಹೆಣ್ಣಿಲ್ಲ. ಗಂಡು ದಿಕ್ಕುಗೆಟ್ಟು ಅಲೆಯುತ್ತದೆ.

ಉಳಿದ ದಾಖಲೆಗಳೂ ಇದೇ ಧಾಟಿಯವು. 75,000 ಕನ್ಯೆ ಜಿರಲೆಗಳಿಂದ ಡಚ್ಚರು ಪಡೆದ ಆಕರ್ಷಕ ವಸ್ತು 200 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಐದನೆಯ ಒಂದು ಪಾಲು. ಹತ್ತಿಯ ಬೋಲ್ ವೀವಿಲ್ ಎಂಬ ಮೂತಿಹುಳುವಿನ ವಾಸನೆಗಾಗಿ ಅಮೆರಿಕದವರು 1969ರ ವೇಳೆಗೆ ಅರೆದದ್ದು 45 ಲಕ್ಷ ಹುಳುಗಳನ್ನು, ಸಾಲದ್ದಕ್ಕೆ 54.7 ಕಿಲೋ ಹುಳುವಿನ ಹಿಕ್ಕೆಯನ್ನು. ಮೂತಿಹುಳುವಿನ ಹಿಕ್ಕೆಯನ್ನು ಅರ್ಧ ಕ್ವಿಂಟಾಲಿಗೂ ಮಿಕ್ಕಿ ಕೂಡಿಹಾಕಿದ ಆ ಅನಾಮಿಕ ಸಹಾಯಕರಿಗೆ ಯಾವ ಬಹುಮಾನವೂ ಬರಲಿಲ್ಲ. ಆದರೆ ಆ ವಾಸನೆಯ ಬಲೆಗಳ ನೆರವಿನಿಂದ ಅಮೆರಿಕದ ಬಹುಪಾಲು ಹತ್ತಿ ಸೀಮೆಯಿಂದ ಆ ಹುಳು ಇಂದು ಕಾಣೆಯಾಗಿದೆ.

ಇದೆಲ್ಲದರ ಫಲ ಈಗ ರಾಯಚೂರು, ಕಲಬುರಗಿ ಕಡೆಯ ಹತ್ತಿ ಹೊಲದಲ್ಲಿ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ತೂಗುತ್ತಿದೆ. ಮೋಹಕ ಬಲೆ, ಲಿಂಗಾಕರ್ಷಕ ಬಲೆ ಎಂದು ಕರೆಯುವ ಅದರೊಳಗೆ ರಬ್ಬರಿನ ಸಣ್ಣ ಬಿರಡೆ. ಬಿರಡೆಯಲ್ಲಿ ಕೆಲವೇ ಮಿಲಿಗ್ರಾಂ ಗಾಸಿಪ್ಲೂರ್, ಗುಲಾಬಿ ಕಾಯಿಕೊರಕದ ಹೆಣ್ಣು ಪತಂಗದ ವಾಸನೆ, 1973ರಲ್ಲಿ ಗುರುತಿಸಿದ್ದು. ಬುಟೆನಾಂಟನ ದರದಲ್ಲಿ ಗ್ರಂಥಿ ಕತ್ತರಿಸಿ ಒಂದೇ ಮಿಲಿಗ್ರಾಂ ತಯಾರಿಸಬೇಕಿದ್ದರೂ 80,000ಕ್ಕೂ ಮಿಕ್ಕಿ ಪತಂಗ ಬೇಕಾಗುತ್ತಿತ್ತು. ಕಾರ್ಖಾನೆಯಲ್ಲಿ ಒಂದೂ ಸಾಯುವುದಿಲ್ಲ, ರೈತನಿಗೆ ಅಗ್ಗವಾಗಿ ಸಿಗುತ್ತದೆ. ಬಿಟಿ ಹತ್ತಿಗೂ ಈ ಹುಳು ಬಗ್ಗದೆ ಹೋದ ಮೇಲಂತೂ ಈ ಬಿರಡೆಯ ಬೆಲೆ ಹೆಚ್ಚಾಗಿದೆ.

ಹತ್ತಿ ಬೆಳೆಯುವವರಿಗೆ ಒಂದು ಮಾತು. ಬಿರಡೆಯ ಪೊಟ್ಟಣವನ್ನು ಬಳಸುವವರೆಗೆ ಒಡೆಯಬೇಡಿ, ಫ್ರಿಜ್ಜಿನಲ್ಲಿಡಿ, ಬರಿಗೈಯಲ್ಲಿ ಮುಟ್ಟಬೇಡಿ, ಮೂರ್ನಾಲ್ಕು ವಾರಕ್ಕೊಮ್ಮೆ ಬದಲಾಯಿಸಿ. ಎಕರೆಗೆ ಎರಡು ಬಲೆ ಸಾಕು, ಆದರೆ ಬೆಳಿಗ್ಗೆ ಹೋಗಿ ಎಣಿಸಬೇಕು. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗ, ಹೀಗೆ ಸತತ ಮೂರು ರಾತ್ರಿ ಬಿದ್ದರೆ ಔಷಧ ಹೊಡೆಯುವ ಹೊತ್ತು ಬಂದಿದೆ. ಅದಕ್ಕಿಂತ ಕಡಿಮೆಯಿದ್ದರೆ ಡಬ್ಬದ ಮುಚ್ಚಳ ತೆಗೆಯಬೇಡಿ.